ಹವಳದ ತೊಟ್ಟಿಯ ಜಗಳಗಂಟನನ್ನು ಹಿಡಿಯುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯ ಸುತ್ತ ಇವೆ. ಉಪ್ಪುನೀರಿನ ಅಕ್ವೇರಿಯಂನಲ್ಲಿ ಒಂದು ಮೀನು ಉಳಿದವನ್ನು ಬಾಳಗೊಡುತ್ತಿಲ್ಲ, ಅದನ್ನು ಹಿಡಿಯಲೂ ಆಗುತ್ತಿಲ್ಲ. ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು, ಇದಕ್ಕೇ ಪೂರ್ತಿ ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಾಲ್ಕು ಅಡಿ ಉದ್ದದ, ಸುಮಾರು 300 ಲೀಟರಿನ ರೀಫ್ ಟ್ಯಾಂಕ್ (ಹವಳದ ತೊಟ್ಟಿ) ಇದೆ. ಎರಡು ವರ್ಷದ ಹಿಂದೆ ನಾಣ್ಯದಷ್ಟಿದ್ದ ಡೊಮಿನೊ ಡ್ಯಾಮ್ಸೆಲ್ ಬಿಟ್ಟಿದ್ದೆ. ಈಗ ಅದು ಅಂಗೈಯಷ್ಟಾಗಿದೆ. ಹೊಸದಾಗಿ ತಂದ ಎರಡು ಫೈರ್‌ಫಿಶ್‌ಗಳನ್ನು ಮೂಲೆಗೆ ಅಟ್ಟಿ ಸಾಯಿಸಿತು. ಮೂರು ಸಲ ಬಲೆ ಹಾಕಿದೆ, ಕಲ್ಲಿನ ಸಂದಿಗೆ ನುಗ್ಗಿಬಿಡುತ್ತದೆ. ಕಲ್ಲೆಲ್ಲ ತೆಗೆಯೋಣವೆಂದರೆ ಮೇಲೆ ಜೊಯಾಂತಿಡ್, ಲೆದರ್ ಹವಳ ಅಂಟಿಕೊಂಡಿವೆ. ಏನು ಮಾಡಲಿ? — ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಮೊದಲು ಬಲೆಯನ್ನು ಎತ್ತಿಡಿ. ಮೂರು ಸಲ ಅಟ್ಟಿಸಿಕೊಂಡ ಮೀನಿಗೆ ಬಲೆ ಎಂದರೇನೆಂದು ಚೆನ್ನಾಗಿ ಗೊತ್ತಾಗಿದೆ. ನಾಲ್ಕನೇ ಸಲ ನೀವು ಕೈ ಎತ್ತುವ ಮುನ್ನವೇ ಅದು ಬಿಲ ಸೇರಿರುತ್ತದೆ. ಜೊತೆಗೆ ಈ ಓಡಾಟದಲ್ಲಿ ಹವಳ ಮುರಿಯುತ್ತದೆ, ಮರಳಿನ ಕಸ ಮೇಲೇಳುತ್ತದೆ, ತಪ್ಪೇ ಮಾಡದ ಬಡಪಾಯಿ ಮೀನುಗಳು ಹೆದರಿ ಮೇವು ಬಿಡುತ್ತವೆ. ಕಲ್ಲು ಜೋಡಿಸಿದ ತೊಟ್ಟಿಯಲ್ಲಿ ಮೀನನ್ನು ಓಡಿಸಿ ಹಿಡಿಯಲಾಗದು, ಕರೆದು ಹಿಡಿಯಬೇಕು. ಕರೆಯಲು ನಮ್ಮ ಕೈಯಲ್ಲಿರುವುದು ಅದರ ಹಸಿವು ಮಾತ್ರ.

ಇನ್ನೊಂದನ್ನು ಗಮನಿಸಿ. ಡ್ಯಾಮ್ಸೆಲ್ ಜಾತಿಯಲ್ಲಿ ಗಂಡು ಒಂದು ಕಲ್ಲನ್ನು ಬಾಯಿಂದ ಉಜ್ಜಿ ಶುಚಿ ಮಾಡಿ, ಅಲ್ಲಿಟ್ಟ ಮೊಟ್ಟೆಗೆ ಕಾವಲು ನಿಲ್ಲುತ್ತದೆ. ಆ ಕೆಲವು ದಿನ ಯಾರು ಹತ್ತಿರ ಬಂದರೂ ಕಚ್ಚುತ್ತದೆ. ನಿಮ್ಮಲ್ಲಿರುವುದು ಒಂಟಿ ಡೊಮಿನೊ, ಇಡೀ ತೊಟ್ಟಿಯನ್ನು ತನ್ನದೆಂದುಕೊಂಡಿದೆ, ಆದ್ದರಿಂದ ಈ ಮಾತು ಇಲ್ಲಿ ಹೊಂದದು. ಕಡಲಿನಲ್ಲಿ ಇದರ ಮರಿಗಳು ಕಡಲಹೂವಿನ (ಸೀ ಅನಿಮೋನ್) ಬಳಿ ಗುಂಪಾಗಿರುತ್ತವೆ. ಮೂರು ಬಿಳಿ ಚುಕ್ಕೆಯ ಆ ಕಪ್ಪು ಮರಿಯ ಚಂದಕ್ಕೆ ಮನಸೋತು ಕೊಳ್ಳುವವರು ಬಹಳ. ಬೆಳೆದರೆ 14 ಸೆಂ.ಮೀ. ಆಗುತ್ತದೆ, ಚುಕ್ಕೆ ಮಾಸುತ್ತದೆ, ಯಜಮಾನಿಕೆ ಉಳಿಯುತ್ತದೆ. ನಿಮ್ಮ ತೊಟ್ಟಿಯಲ್ಲಿ ಫೈರ್‌ಫಿಶ್‌ನಂಥ ಅಂಜುಕುಳಿ ಮೀನು ಬೇಕೆಂದರೆ ಇದು ಹೊರಗೆ ಹೋಗಲೇಬೇಕು.

ಬೇಕಾದದ್ದು ಪಾರದರ್ಶಕ ಅಕ್ರಿಲಿಕ್ ಡಬ್ಬದ ಬೋನು. ಸುಮಾರು 30 ಸೆಂ.ಮೀ. ಉದ್ದ, 15 ಅಗಲ, 15 ಎತ್ತರ, 4 ಅಥವಾ 5 ಮಿ.ಮೀ. ಹಾಳೆ. ಒಂದು ತುದಿಯಲ್ಲಿ ಮೇಲಿಂದ ಕೆಳಕ್ಕೆ ಜಾರುವ ಬಾಗಿಲು. ಎದುರು ಗೋಡೆಯಲ್ಲೂ ಎರಡು ಬದಿಯಲ್ಲೂ 5–6 ಮಿ.ಮೀ. ತೂತುಗಳನ್ನು ಸಾಲಾಗಿ ಕೊರೆಸಿ. ನೀರು ಹರಿದಾಡದಿದ್ದರೆ ಮೇವಿನ ವಾಸನೆ ಹೊರಗೆ ಬರುವುದಿಲ್ಲ, ಮೀನೂ ಬರುವುದಿಲ್ಲ. ಬಾಗಿಲಿಗೆ 0.3 ಮಿ.ಮೀ. ತಂಗೂಸಿ (ನೈಲಾನ್ ದಾರ) ಕಟ್ಟಿ, ತೊಟ್ಟಿಯ ಅಂಚಿನ ಮೇಲಿಂದ ಹೊರಗೆ ತಂದು, ಎರಡು ಮೀಟರ್ ದೂರದ ಕುರ್ಚಿಯವರೆಗೆ ಎಳೆದುಕೊಳ್ಳಿ. ತಂಗೂಸಿ ಬಿಟ್ಟರೆ ಬಾಗಿಲು ತನ್ನ ಭಾರಕ್ಕೇ ಬೀಳಬೇಕು. ಅಕ್ರಿಲಿಕ್ ನೀರಿನಲ್ಲಿ ಹಗುರ, ಹಾಗಾಗಿ ಬಾಗಿಲು ತೇಲಾಡಿ ನಿಧಾನವಾಗಿ ಇಳಿಯುವುದುಂಟು. ಅದರ ಮೇಲಂಚಿಗೆ ಒಂದು ಸಣ್ಣ ಕಲ್ಲನ್ನು ಅಕ್ವೇರಿಯಂಗೆ ಸಲ್ಲುವ ಅಂಟಿನಿಂದ ಕೂರಿಸಿದರೆ ಟಕ್ಕೆಂದು ಬೀಳುತ್ತದೆ. ಲೋಹದ ತಿರುಪು, ತಂತಿ ಬೇಡವೇ ಬೇಡ.

ಬೋನನ್ನು ಡೊಮಿನೊ ಹೆಚ್ಚು ಸುಳಿದಾಡುವ ಕಲ್ಲಿಗೆ ಒತ್ತರಿಸಿ, ಮರಳಿನ ಮೇಲೆ ಇಡಿ. ಬಟಾಬಯಲಲ್ಲಿಟ್ಟರೆ ಯಾವ ಮೀನೂ ಒಳಹೋಗಲು ಧೈರ್ಯ ಮಾಡದು. ತೇಲದಂತೆ ಒಳಗೆ ಒಂದೆರಡು ಕಲ್ಲಿನ ತುಂಡು ಹಾಕಿ. ಮೊದಲ ಎರಡು ಮೂರು ದಿನ ಬಾಗಿಲನ್ನು ಮೇಲೆತ್ತಿ ಬಿಗಿಯಾಗಿ ಕಟ್ಟಿಬಿಡಿ, ಬೀಳಿಸುವ ಯೋಚನೆಯನ್ನೇ ಮಾಡಬೇಡಿ. ಹೊಸ ಅಕ್ರಿಲಿಕ್‌ನ ಮೇಲೆ ಪಾಚಿಯ ತೆಳುಪರೆ ಕೂತು ಅದು ತೊಟ್ಟಿಯ ಸಾಮಾನುಗಳಲ್ಲಿ ಒಂದಾಗಬೇಕು. ಆ ದಿನಗಳಲ್ಲಿ ಮೇವು ಅರ್ಧ ಹೊರಗೆ, ಅರ್ಧ ಬೋನಿನ ಬಾಯಲ್ಲಿ. ಆಮೇಲೆ ಒಂದು ದಿನ ಪೂರ್ತಿ ಉಪವಾಸ. ಮರುದಿನದಿಂದ ಮೇವು ಬೋನಿನ ಒಳತುದಿಯಲ್ಲಿ ಮಾತ್ರ. ಸಿಪ್ಪೆ ಸುಲಿದ ಹಸಿ ಸಿಗಡಿಯ ಕಾಳುಮೆಣಸಿನಷ್ಟು ಚೂರುಗಳನ್ನು ರಬ್ಬರ್ ಬ್ಯಾಂಡಿನಿಂದ ಕಲ್ಲಿಗೆ ಸಿಕ್ಕಿಸಿ, ಇಲ್ಲವೇ ಉದ್ದನೆಯ ಪಿಪೆಟ್‌ನಿಂದ ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿಗಳ ಮೇವು) ಬಿಡಿ. ವೇವ್‌ಮೇಕರ್ (ಅಲೆಯೆಬ್ಬಿಸುವ ಪಂಪ್) ಆರಿಸಿ, ಇಲ್ಲದಿದ್ದರೆ ಮೇವು ತೂತಿನಿಂದ ಹೊರಗೆ ಹಾರಿ, ಮೀನು ಹೊರಗಿದ್ದುಕೊಂಡೇ ತಿಂದು ಮುಗಿಸುತ್ತದೆ. ಉಪವಾಸ ಎರಡು ದಿನ ಮೀರಬಾರದು. ತೊಟ್ಟಿಯಲ್ಲಿ ಆಂಥಿಯಾಸ್‌ನಂಥ, ದಿನಕ್ಕೆ ಹಲವು ಬಾರಿ ತಿನ್ನಬೇಕಾದ ಮೀನಿದ್ದರೆ ಒಂದೇ ದಿನ ಸಾಕು.

ಡೊಮಿನೊ ಒಳಗೆ ಬರುವ ರೀತಿಯನ್ನು ಕಣ್ಣಿಟ್ಟು ನೋಡಿ. ಮೊದಲು ಬಾಗಿಲಿನ ಹತ್ತಿರ ನಿಂತು ಎದೆಯ ರೆಕ್ಕೆಗಳನ್ನು ಹಿಂದು ಮುಂದಾಗಿ ಆಡಿಸುತ್ತಾ ತಲೆ ಮಾತ್ರ ತೂರಿಸುತ್ತದೆ. ಒಂದು ಚೂರು ಕಚ್ಚಿಕೊಂಡು ಹಿಮ್ಮುಖವಾಗಿಯೇ ಸರಿದು ಬಿಲಕ್ಕೆ ಓಡುತ್ತದೆ. ಗಾಬರಿಯಲ್ಲಿದ್ದರೆ ಕಪ್ಪು ಮೈ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಆಗ ತಂಗೂಸಿ ಬಿಟ್ಟರೆ ಕೆಟ್ಟಿರಿ. ಎರಡನೇ ದಿನವೋ ಮೂರನೇ ದಿನವೋ ಬಣ್ಣ ಪೂರ್ತಿ ಕಪ್ಪಾಗಿದ್ದು, ಒಳಗೇ ತಿರುಗಿ ಬಾಗಿಲಿಗೆ ಬೆನ್ನು ಮಾಡಿ ಮೇಯಲು ತೊಡಗುತ್ತದೆ. ಬಿಡಬೇಕಾದ ಗಳಿಗೆ ಅದು, ಮೀನು ಒಳತುದಿಯಲ್ಲಿ, ಬಾಲ ಬಾಗಿಲಿನಿಂದ ಸಾಕಷ್ಟು ದೂರದಲ್ಲಿದ್ದಾಗ.

ಕೆಡುವುದು ಎಲ್ಲಿ? ಅವಸರದಲ್ಲಿ. ಅರ್ಧ ಒಳಗಿದ್ದಾಗ ಬಾಗಿಲು ಬಿಟ್ಟು ತಪ್ಪಿಸಿಕೊಂಡರೆ ಮುಂದೆ ಒಂದು ವಾರ ಅದು ಬೋನಿನ ಕಡೆ ತಿರುಗಿಯೂ ನೋಡದು. ಹಾಗಾದರೆ ಬೋನು ಹೊರಗೆ ತೆಗೆದು, ಐದಾರು ದಿನ ಎಂದಿನಂತೆ ಮೇವು ಹಾಕಿ, ಬೇರೆ ಜಾಗದಲ್ಲಿ ಮತ್ತೆ ಮೊದಲಿಂದ ಶುರು ಮಾಡಿ. ಬಾಗಿಲು ಜಾರುವ ತೋಡಿನಲ್ಲಿ ಪಾಚಿ, ಉಪ್ಪು ಕಟ್ಟಿ ಸಿಕ್ಕಿಕೊಳ್ಳುವುದೂ ಸಾಮಾನ್ಯ. ಹತ್ತಿರ ಯಾವ ಮೀನೂ ಇಲ್ಲದಾಗ, ಬೆಳಕು ಆರಿದ ಮೇಲೆ ದಿನಕ್ಕೊಮ್ಮೆ ಬೀಳಿಸಿ ನೋಡಿ. ಮೊದಲು ಕ್ಲೌನ್‌ಫಿಶ್ಶೋ ಕ್ಲೀನರ್ ಸಿಗಡಿಯೋ ಒಳಹೋದರೆ ಬೇಸರ ಬೇಡ. ಬೇರೆಯವರು ಒಳಗೆ ಹೋಗಿ ಸುಖವಾಗಿ ತಿಂದು ಬರುವುದನ್ನು ಕಂಡೇ ಡೊಮಿನೊಗೆ ಧೈರ್ಯ ಬರುವುದು. ಮೀನು ಸಿಕ್ಕ ಮೇಲೆ ಬೋನನ್ನು ಒಮ್ಮೆಲೇ ಮೇಲೆತ್ತಬೇಡಿ. ತೂತುಗಳಿಂದ ನೀರು ಸುರಿದುಹೋಗಿ ಮೀನು ಒಣಗೋಡೆಗೆ ಬಡಿದುಕೊಳ್ಳುತ್ತದೆ. ನೀರಿನೊಳಗೇ ಅದರ ಕೆಳಗೆ ಒಂದು ಪ್ಲಾಸ್ಟಿಕ್ ಬೇಸಿನ್ ತೂರಿಸಿ, ಎರಡನ್ನೂ ಒಟ್ಟಿಗೆ ಎತ್ತಿ.

ಹತ್ತು ದಿನವಾದರೂ ಬೋನಿಗೆ ಬೀಳದಿದ್ದರೆ ಎರಡನೇ ದಾರಿ ಇದೆ. ಡ್ಯಾಮ್ಸೆಲ್ ಗಾಬರಿಯಾದಾಗ ಪ್ರತಿ ಸಲವೂ ಒಂದೇ ಬಿಲಕ್ಕೆ ಹೋಗುತ್ತದೆ. ಆ ಬಿಲವಿರುವ ಒಂದು ಕಲ್ಲನ್ನು ಮಾತ್ರ, ಮೀನು ಒಳಗಿರುವಾಗ, ಬೇಸಿನ್ ಕೆಳಗಿಟ್ಟುಕೊಂಡು ಎತ್ತಿ. ನೀರಿನಿಂದ ಹೊರಬಂದ ಕಲ್ಲಿನಿಂದ ಮೀನು ತಾನಾಗಿ ಜಾರಿ ಬೇಸಿನ್‌ಗೆ ಬೀಳುತ್ತದೆ. ಕಲ್ಲಿನ ಮೇಲೆ ಜೊಯಾಂತಿಡ್ ಇದೆ ಎಂದಿದ್ದೀರಿ, ಆದ್ದರಿಂದ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇವೆ. ಈ ಗುಂಪಿನ ಕೆಲವು ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಆ ಕಲ್ಲು ಮುಟ್ಟಬೇಡಿ. ಅದನ್ನು ಉಜ್ಜುವುದು, ಬಿಸಿನೀರು ಹೊಯ್ಯುವುದು ಸರ್ವಥಾ ಕೂಡದು, ಆವಿಯಲ್ಲಿ ವಿಷ ಏಳುತ್ತದೆ.

ಪ್ರಶ್ನೆ: ಕೂಲ್‌ಡ್ರಿಂಕ್ ಬಾಟಲಿಯಲ್ಲೇ ಬೋನು ಮಾಡಬಹುದಂತೆ, ಹೌದೇ? ನನ್ನಲ್ಲಿ ಇರುವುದು ಎರಡು ಇಂಚಿನ ನೀಲಿ ಡ್ಯಾಮ್ಸೆಲ್. — ಓದುಗರು, ದಾವಣಗೆರೆ

ಉತ್ತರ: ಹೌದು, ಆ ಗಾತ್ರದ ಮೀನಿಗೆ ಸಾಕು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಹಳ್ಳಕ್ಕೆ ಒಡ್ಡುವ ಬಿದಿರಿನ ಕೂಳಿಯ ತತ್ವವೇ ಇದು. ಒಳಮುಖವಾಗಿ ಕಿರಿದಾಗುವ ಬಾಯಿಯಿಂದ ಮೀನು ನುಗ್ಗುತ್ತದೆ, ಹೊರಬರಲು ಗೋಡೆಯುದ್ದಕ್ಕೂ ತಡಕುತ್ತದೆ, ನಡುವಿನ ಬಾಯಿ ಅದಕ್ಕೆ ಕಾಣಿಸದು.

2 ಲೀಟರಿನ ಬಾಟಲಿಯ ಲೇಬಲ್, ಅಂಟು ಪೂರ್ತಿ ತೆಗೆಯಿರಿ. ಸಾಬೂನು ಬಳಸದೆ ಬಿಸಿನೀರಿನಲ್ಲಿ ತೊಳೆಯಿರಿ. ಭುಜ ಶುರುವಾಗುವಲ್ಲಿ ಕತ್ತರಿಸಿ, ಕೊರಳಿನ ಭಾಗವನ್ನು ತಿರುಗಿಸಿ ಒಳಗೆ ಕೂರಿಸಿ. ಕೊರಳಿನ ಬಾಯಿ ಸುಮಾರು 2 ಸೆಂ.ಮೀ. ಅಷ್ಟೇ ಇರುತ್ತದೆ. ತಿರುಪಿನ ಭಾಗವನ್ನು ಕತ್ತರಿಸಿ 3 ಸೆಂ.ಮೀ. ಮಾಡಿಕೊಳ್ಳಿ, ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿ, ಇಲ್ಲವಾದರೆ ಮೀನಿನ ಮೈ ಗೀರುತ್ತದೆ. ಎರಡು ಭಾಗವನ್ನು ಸೇರಿಸಿ ಕಾಯಿಸಿದ ಮೊಳೆಯಿಂದ ನಾಲ್ಕು ಕಡೆ ತೂತು ಮಾಡಿ ಪ್ಲಾಸ್ಟಿಕ್ ಕೇಬಲ್ ಟೈ ಹಾಕಿ. ತಳದಲ್ಲೂ ಬದಿಯಲ್ಲೂ ಇನ್ನೊಂದು 20–30 ಸಣ್ಣ ತೂತು ಇರಲಿ. ಒಳಗೆ ಕಲ್ಲು ಹಾಕಿ ಅಡ್ಡ ಮಲಗಿಸಿ, ತಳದ ಕಡೆ ಸಿಗಡಿ ಚೂರು ಇಡಿ.

ಇದಕ್ಕೆ ಬಾಗಿಲಿಲ್ಲ, ನೀವು ಕಾಯುತ್ತಾ ಕೂರಬೇಕಿಲ್ಲ ಎಂಬುದೇ ಇದರ ಅನುಕೂಲ. ಹಾಗೆಂದು ರಾತ್ರಿಯಿಡೀ ಬಿಡಬೇಡಿ. ಏಡಿ, ಹುಳು ಒಳಸೇರಿ ಸಿಕ್ಕಿಬಿದ್ದ ಮೀನನ್ನು ಕಚ್ಚುತ್ತವೆ. ಅಲ್ಲದೆ ಸಮಯ ಸಿಕ್ಕರೆ ಜಾಣ ಮೀನು ದಾರಿ ಕಂಡುಹಿಡಿದುಕೊಳ್ಳುತ್ತದೆ. ಅರ್ಧ ಗಂಟೆಗೊಮ್ಮೆ ನೋಡಿ.

ಪ್ರಶ್ನೆ: ರಾತ್ರಿ ಹೊತ್ತು ಮೀನು ಕಾಣೆಯಾಗುತ್ತಿವೆ. ಎರಡು ತಿಂಗಳಲ್ಲಿ ಮೂರು ಹೋದವು. ಡಾಟಿಬ್ಯಾಕ್ ಮೇಲೆ ಅನುಮಾನ. ತೆಗೆದುಬಿಡಲೇ? — ಓದುಗರು, ಹುಬ್ಬಳ್ಳಿ

ಉತ್ತರ: ತಡೆಯಿರಿ. ಡಾಟಿಬ್ಯಾಕ್ ಹಗಲು ಜಗಳವಾಡುವ ಮೀನು, ರಾತ್ರಿ ಅದೂ ಮಲಗುತ್ತದೆ. ಹಗಲಿನಲ್ಲಿ ಉಳಿದ ಮೀನುಗಳ ರೆಕ್ಕೆ ಹರಿದಿದೆಯೇ, ಯಾವುದಾದರೂ ಮೂಲೆಯಲ್ಲಿ, ನೀರಿನ ಮೇಲ್ಮಟ್ಟದಲ್ಲಿ ಅಂಟಿಕೊಂಡು ನಿಂತಿದೆಯೇ ನೋಡಿ. ಅಂಥ ಗುರುತಿಲ್ಲದೆ ಆರೋಗ್ಯವಾಗಿದ್ದ ಮೀನು ಬೆಳಗಾಗುವುದರೊಳಗೆ ಇಲ್ಲವಾದರೆ ಕಾರಣ ಬೇರೆ. ಮೊದಲು ತೊಟ್ಟಿಯ ಹಿಂದೆ, ಸೋಫಾ ಕೆಳಗೆ ಹುಡುಕಿ, ಗೋಬಿ, ಫೈರ್‌ಫಿಶ್, ರಾಸ್ ಜಿಗಿಯುವ ಜಾತಿಗಳು. ಹೆಚ್ಚಾದ ನೀರು ಇಳಿಯುವ ಓವರ್‌ಫ್ಲೋ ಪೆಟ್ಟಿಗೆಯನ್ನೂ ನೋಡಿ. ಆಮೇಲೆ ಬೆಳಕು ಆರಿಸಿ ಎರಡು ಗಂಟೆ ಕಳೆದ ಮೇಲೆ, ಕೆಂಪು ಜಿಲೇಟಿನ್ ಕಾಗದ ಸುತ್ತಿದ ಟಾರ್ಚ್ ಹಿಡಿದು ಕೂರಿ. ಕಲ್ಲಿನೊಳಗಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಲೈವ್ ರಾಕ್ (ಜೀವಿಗಳು ಮನೆಮಾಡಿದ ಕಡಲಕಲ್ಲು) ಜೊತೆ ಬಂದ ಮ್ಯಾಂಟಿಸ್ ಸಿಗಡಿ ಇರಬಹುದು. ಪಿಸ್ತೂಲ್ ಸಿಗಡಿಯೂ ಅಂಥದೇ ಸದ್ದು ಮಾಡುತ್ತದೆ, ಅದು ಸಾಮಾನ್ಯವಾಗಿ ಮೀನಿನ ತಂಟೆಗೆ ಹೋಗದು. ಕಣ್ಣಾರೆ ಕಾಣದೆ ಯಾವುದನ್ನೂ ತೆಗೆಯಬೇಡಿ.

ಪ್ರಶ್ನೆ: ಸಿಕ್ಸ್‌ಲೈನ್ ರಾಸ್ ಇದೆ. ಚಪ್ಪಟೆಹುಳು, ಸಣ್ಣ ಬಸವನಹುಳು ತಿನ್ನುತ್ತದೆಂದು ತಂದೆ. ಹೊಸ ಮೀನು ಏನು ಬಿಟ್ಟರೂ ಅಟ್ಟಾಡಿಸುತ್ತದೆ. ರಾತ್ರಿ ಮಲಗಿದಾಗ ಹಿಡಿಯಬಹುದೇ? — ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಕೆಲವು ರಾಸ್‌ಗಳು ಮರಳಿನಲ್ಲಿ ಹೂತುಕೊಂಡು ಮಲಗುತ್ತವೆ. ಸಿಕ್ಸ್‌ಲೈನ್ ಹಾಗಲ್ಲ, ಕಲ್ಲಿನ ಸಂದಿಯಲ್ಲಿ ತನ್ನ ಸುತ್ತ ಲೋಳೆಯ ತೆಳುಗೂಡು ಕಟ್ಟಿಕೊಂಡು ಮಲಗುತ್ತದೆ. ಸಂದಿ ಎಲ್ಲಿದೆ ಎಂದು ಗೊತ್ತಿದ್ದರೆ ಮಾತ್ರ ರಾತ್ರಿಯ ಪ್ರಯತ್ನಕ್ಕೆ ಅರ್ಥ. ಮೂರು ಸಂಜೆ, ಬೆಳಕು ಆರುವ ಹೊತ್ತಿಗೆ ನೋಡುತ್ತಾ ಕೂತರೆ ಜಾಗ ತಿಳಿದುಬಿಡುತ್ತದೆ. ಕಲ್ಲು ಸಣ್ಣದಾಗಿದ್ದರೆ ಎತ್ತಿ ಬೇಸಿನ್‌ಗೆ ಇಳಿಸಿ.

ಆದರೆ ನಿಮ್ಮ ಮೀನು ಕೆಲಸಕ್ಕೂ ಬರುತ್ತಿದೆ ಎಂದಿರಿ. ಹಾಗಿದ್ದರೆ ಪೂರ್ತಿ ತೆಗೆಯುವ ಮೊದಲು ಸೆರೆಯಲ್ಲಿಟ್ಟು ನೋಡಿ. ತೊಟ್ಟಿಯ ಗಾಜಿಗೆ ತೂಗುಹಾಕುವ, ತೂತುಗಳಿರುವ ಅಕ್ರಿಲಿಕ್ ಡಬ್ಬ ಸಿಗುತ್ತದೆ. ಬೋನಿನಲ್ಲಿ ಹಿಡಿದ ರಾಸ್ ಅನ್ನು ಅದರಲ್ಲಿ ಐದರಿಂದ ಏಳು ದಿನ ಇಡಿ. ಒಳಗೆ ಒಂದು ಪಿವಿಸಿ ಪೈಪ್ ತುಂಡು, ಮೇಲೆ ಮುಚ್ಚಳ. ಆ ವಾರದಲ್ಲಿ ಕಲ್ಲುಗಳನ್ನು ಸಾಧ್ಯವಾದಷ್ಟು ಸ್ಥಳ ಬದಲಿಸಿ, ಹೊಸ ಮೀನನ್ನು ತೊಟ್ಟಿಗೆ ಬಿಡಿ. ಹೊರಬಂದ ರಾಸ್‌ಗೆ ತನ್ನ ಹಳೆಯ ಗಡಿ ಯಾವುದೂ ಇಲ್ಲ, ಹೊಸ ಮೀನೇ ಮೊದಲಿಂದ ಇದ್ದಂತೆ ಕಾಣುತ್ತದೆ. ಸಾಕಷ್ಟು ಮನೆಗಳಲ್ಲಿ ಜಗಳ ಇಷ್ಟಕ್ಕೇ ತಣ್ಣಗಾಗುತ್ತದೆ. ಬಿಟ್ಟ ಮೊದಲ ಎರಡು ಗಂಟೆ ತೊಟ್ಟಿಯ ಮುಂದಿನಿಂದ ಏಳಬೇಡಿ. ಒಮ್ಮೆ ಅಟ್ಟಿ ಸುಮ್ಮನಾದರೆ ಸರಿ. ಬೆನ್ನು ಬಿಡದೆ ಅಟ್ಟುತ್ತಿದ್ದರೆ ಅದನ್ನು ಬೇರೆ ಮನೆಗೆ ಕಳಿಸುವುದೇ ಉಳಿದವಕ್ಕೆ ನ್ಯಾಯ.

ಪ್ರಶ್ನೆ: ಮರೂನ್ ಕ್ಲೌನ್ ಜೋಡಿ ಇದೆ. ದೊಡ್ಡದು ಕೈ ಹಾಕಿದರೆ ರಕ್ತ ಬರುವಂತೆ ಕಚ್ಚುತ್ತದೆ. ಬಲೆಯಲ್ಲಿ ಎತ್ತಿದಾಗ ಬಲೆಗೇ ಸಿಕ್ಕಿಕೊಂಡು ಒದ್ದಾಡಿತು. — ಓದುಗರು, ಕದ್ರಿ, ಮಂಗಳೂರು

ಉತ್ತರ: ಅದರ ಕೆನ್ನೆ ನೋಡಿ. ಕಣ್ಣಿನ ಕೆಳಗೆ ಹಿಮ್ಮುಖವಾಗಿ ಚಾಚಿದ ಮುಳ್ಳಿದೆ. ಬೇರೆ ಕ್ಲೌನ್‌ಗಳಲ್ಲಿ ಇಷ್ಟು ಉದ್ದದ ಮುಳ್ಳಿಲ್ಲ. ಬಲೆಯ ಕಣ್ಣಿಗೆ ಸಿಕ್ಕುವುದು ಇದೇ. ಸಿಕ್ಕಿಕೊಂಡರೆ ಎಳೆಯಬಾರದು, ಬಲೆಯ ಎಳೆಯನ್ನೇ ಕತ್ತರಿಯಿಂದ ಕತ್ತರಿಸಿ ಬಿಡಿಸಿ. ಇನ್ನು ಮುಂದೆ ಬಲೆ ಬೇಡ. ಈ ಮೀನು ಹಿಡಿಯಲು ಎಲ್ಲಕ್ಕಿಂತ ಸುಲಭ, ಏಕೆಂದರೆ ಅದು ತನ್ನ ಕಡಲಹೂವನ್ನು ಬಿಟ್ಟು ದೂರ ಹೋಗದು. ಬೆಳಕು ಆರಿ ಎರಡು ಮೂರು ಗಂಟೆಯಾದ ಮೇಲೆ, ಪಂಪ್ ನಿಲ್ಲಿಸಿ, ಅಗಲ ಬಾಯಿಯ ಪಾರದರ್ಶಕ ಪ್ಲಾಸ್ಟಿಕ್ ಜಾರನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಉದ್ದ ಕಡ್ಡಿಯಿಂದ ಹೂವಿನ ಆಚೆ ಬದಿಯಿಂದ ಮೆಲ್ಲಗೆ ನೂಕಿ. ನಿದ್ದೆಗಣ್ಣಿನ ಮೀನು ಜಾರಿಗೆ ಸರಿಯುತ್ತದೆ.

ಆದರೆ ಒಂದು ವಿಷಯ ತಿಳಿದು ಮಾಡಿ. ಕ್ಲೌನ್‌ಫಿಶ್‌ಗಳೆಲ್ಲ ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುವ ಜಾತಿ. ಜೋಡಿಯಲ್ಲಿ ದೊಡ್ಡದು ಹೆಣ್ಣು. ಅದನ್ನು ತೆಗೆದರೆ ಉಳಿದ ಚಿಕ್ಕ ಗಂಡು ಕ್ರಮೇಣ ಹೆಣ್ಣಾಗಿ, ಗಾತ್ರದಲ್ಲೂ ಬೆಳೆದು, ಅದೇ ಜಾಗದಲ್ಲಿ ನಿಂತು ನಿಮ್ಮ ಕೈ ಕಚ್ಚುತ್ತದೆ. ತೆಗೆಯುವುದಾದರೆ ಜೋಡಿಯನ್ನೇ ತೆಗೆಯಿರಿ, ಸಾಧ್ಯವಾದರೆ ಹೂವಿನ ಸಮೇತ ಕೊಡಿ. ಕಡಲಹೂವಿನ ಹತ್ತಿರದ ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆಯ ತೇಪೆ ಕಂಡರೆ ಒಂದು ಹತ್ತು ದಿನ ಕಾಯಿರಿ. ಕಚ್ಚಾಟಕ್ಕೆ ಅದೇ ಕಾರಣ ಇರಬಹುದು, ಮೊಟ್ಟೆ ಒಡೆದ ಮೇಲೆ ಕಡಿಮೆಯಾಗುತ್ತದೆ.

ಮುಳ್ಳಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇವೆ: ಫಾಕ್ಸ್‌ಫೇಸ್, ಲಯನ್‌ಫಿಶ್ ಎರಡರ ಬೆನ್ನುಮುಳ್ಳಿನಲ್ಲೂ ವಿಷವಿದೆ. ಚುಚ್ಚಿದರೆ ಆ ಜಾಗವನ್ನು ತಡೆಯಬಲ್ಲಷ್ಟು ಬಿಸಿಯಾದ, 45 ಡಿಗ್ರಿ ದಾಟದ ನೀರಿನಲ್ಲಿ 30ರಿಂದ 90 ನಿಮಿಷ ಮುಳುಗಿಸಿಡಿ, ತಡಮಾಡದೆ ಡಾಕ್ಟರ ಬಳಿ ಹೋಗಿ.

ಪ್ರಶ್ನೆ: ಆರು ಅಡಿಯ ತೊಟ್ಟಿಯಲ್ಲಿ ಸೊಹಾಲ್ ಟ್ಯಾಂಗ್ ಇದೆ, ಈಗ 20 ಸೆಂ.ಮೀ. ದಾಟಿದೆ. ಉಳಿದ ಟ್ಯಾಂಗ್‌ಗಳ ಮೈಮೇಲೆ ಗೀರುಗಾಯ. ಬೋನಿನಲ್ಲಿ ಹಿಡಿಸುವುದಿಲ್ಲ. ನೀರು ಖಾಲಿ ಮಾಡಿ ಹಿಡಿಯೋಣವೆಂದಿದ್ದೇವೆ, ಕ್ರಮ ತಿಳಿಸಿ. — ಕನ್ನಡಿಗ ಕುಟುಂಬ, ಶಾರ್ಜಾ

ಉತ್ತರ: ಸೊಹಾಲ್ ನೀವಿರುವ ಕಡೆಯದೇ ಮೀನು, ಕೆಂಪು ಸಮುದ್ರದಿಂದ ಕೊಲ್ಲಿಯವರೆಗಿನ ಕಡಲಿನದು. 40 ಸೆಂ.ಮೀ.ವರೆಗೆ ಬೆಳೆಯುತ್ತದೆ. ಅಲೆ ಬಡಿಯುವ ಬಂಡೆಯಂಚಿನಲ್ಲಿ ತನ್ನ ಪಾಚಿಯ ಹೊಲವನ್ನು ಕಾಯುವುದೇ ಅದರ ಬಾಳು. ಆರು ಅಡಿಯಲ್ಲಿ ಅದು ಶಾಂತವಾಗಿರಬೇಕೆಂದು ಬಯಸುವಂತಿಲ್ಲ. ತೆಗೆಯುವ ನಿಮ್ಮ ತೀರ್ಮಾನ ಸರಿ. ಬಾಲದ ಬುಡದಲ್ಲಿ ಎರಡೂ ಬದಿಗೆ ಕಿತ್ತಳೆ ಬಣ್ಣದ ಚೂರಿಗಳಿವೆ. ಉಳಿದವುಗಳ ಮೈಮೇಲಿನ ಗೀರು ಅದರದೇ. ನಿಮ್ಮ ಕೈಯನ್ನೂ ಹಾಗೆಯೇ ಸೀಳಬಲ್ಲದು.

6×2×2 ಅಡಿ ಎಂದರೆ ಸುಮಾರು 680 ಲೀಟರ್, ಕಲ್ಲು ಮರಳು ಕಳೆದರೆ 550ರಷ್ಟು ನೀರು. ಮರಳಿನ ಮೇಲೆ 15 ಸೆಂ.ಮೀ. ಉಳಿಸಬೇಕು, ಅಂದರೆ 400 ಲೀಟರ್ ಹೊರತೆಗೆಯಬೇಕು. ಆಹಾರ ತುಂಬಲು ಬಳಸುವ ದರ್ಜೆಯ 100 ಲೀಟರಿನ ಡ್ರಮ್ಮು ನಾಲ್ಕು, ಸಾಬೂನು ಕಾಣದವು, ಮೊದಲೇ ತೊಟ್ಟಿಯ ಪಕ್ಕ ಸಾಲಾಗಿರಲಿ. ಸೊಹಾಲ್‌ಗೆಂದು ಮುಚ್ಚಳವಿರುವ, ಗಾಳಿಕಲ್ಲು ಹಾಕಿದ 60–70 ಲೀಟರಿನ ಟಬ್ ಬೇರೆ. ಜೊತೆಗೆ 50 ಲೀಟರ್ ಹೊಸ ಉಪ್ಪುನೀರು, ತೊಟ್ಟಿಯಷ್ಟೇ ಉಪ್ಪಂಶ (ಸಾಪೇಕ್ಷ ಸಾಂದ್ರತೆ 1.025), ಅಷ್ಟೇ ಬಿಸಿ, ತಯಾರಿರಲಿ. ಕನಿಷ್ಠ ಇಬ್ಬರು ಬೇಕು. ಒಬ್ಬರೇ ಮಾಡುವ ಕೆಲಸವಲ್ಲ ಇದು.

ಎಲ್ಲಕ್ಕಿಂತ ಮೊದಲು ಹೀಟರ್, ಚಿಲ್ಲರ್, ರಿಟರ್ನ್ ಪಂಪ್, ವೇವ್‌ಮೇಕರ್ ಎಲ್ಲದರ ಪ್ಲಗ್ ಕೀಳಿ, ಹತ್ತು ನಿಮಿಷ ಬಿಡಿ. ಬಿಸಿ ಹೀಟರ್ ನೀರಿನಿಂದ ಹೊರಗೆ ಕಂಡರೆ ಗಾಜು ಬಿರಿಯುತ್ತದೆ. ಇಂಥ ದಿನ ಆಗುವ ದೊಡ್ಡ ನಷ್ಟ ಹೆಚ್ಚಾಗಿ ಇದೊಂದೇ ಮರೆವಿನಿಂದ. 25 ಮಿ.ಮೀ. ಪೈಪಿನಲ್ಲಿ ಮೇಲಿನ ನೀರನ್ನು ಸೈಫನ್ ಮಾಡಿ. ಪೈಪಿನ ಬಾಯಿ ಮರಳಿನಿಂದ ದೂರವಿರಲಿ, ಅಲ್ಲಿಯ ಕೊಳೆ ಕದಡಿದರೆ ಅಮೋನಿಯಾ ಏರುತ್ತದೆ. ಬಾಯಿಗೆ ಬಲೆಯ ತುಂಡು ಕಟ್ಟಿ, ಸಣ್ಣ ಮೀನು ಎಳೆದುಕೊಳ್ಳದಂತೆ. ನೀರು ಅರ್ಧಕ್ಕೆ ಬಂದಾಗಲೇ ಕೆಲವು ಮೀನು ಬಯಲಿಗೆ ಬರುತ್ತವೆ. ಸೊಹಾಲ್ ಆಗಲೇ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ.

ಹವಳಗಳು ಗಾಳಿಗೆ ತೆರೆದುಕೊಳ್ಳುತ್ತವೆಂದು ಹೆದರಬೇಡಿ. ಇಳಿತದ ಹೊತ್ತಿಗೆ ಕಡಲಿನಲ್ಲೂ ಎಷ್ಟೋ ಹವಳ ಹೊರಗೆ ಉಳಿಯುತ್ತವೆ. 15–20 ನಿಮಿಷ ಬಹುಪಾಲು ತಡೆಯುತ್ತವೆ, ಲೋಟದಿಂದ ಆಗಾಗ ತೊಟ್ಟಿಯ ನೀರನ್ನೇ ಮೇಲೆ ಹೊಯ್ಯಿರಿ, ಮೇಲಿನ ದೀಪ ಆರಿಸಿರಲಿ, ಎಸಿಯ ಗಾಳಿ ನೇರ ಬಡಿಯದಿರಲಿ. ತಡೆಯದವು ಎಂದರೆ ಸ್ಪಂಜುಗಳು. ಒಳಗೆ ಗಾಳಿ ಹೊಕ್ಕರೆ ಕೊಳೆಯುತ್ತವೆ, ಅವನ್ನು ಮೊದಲೇ ನೀರಿನೊಳಗೆಯೇ ಬೇಸಿನ್‌ಗೆ ಜರುಗಿಸಿ ಇಡಿ.

ಹಿಡಿಯುವಾಗ ತೊಟ್ಟಿಯ ಅಗಲಕ್ಕೆ ಕತ್ತರಿಸಿದ, ತೂತುಗಳಿರುವ ಅಕ್ರಿಲಿಕ್ ಹಾಳೆಯೊಂದನ್ನು ಅಡ್ಡ ಇಳಿಸಿ, ಸೊಹಾಲ್ ಅನ್ನು ಕಲ್ಲಿಲ್ಲದ ತುದಿಗೆ ನಿಧಾನ ಒತ್ತಿಕೊಂಡು ಹೋಗಿ. ಕೊನೆಯ ಒಂದಡಿಯಲ್ಲಿ ದಪ್ಪ ಪ್ಲಾಸ್ಟಿಕ್ ಡಬ್ಬವನ್ನು ಅದರ ಮುಂದಿಟ್ಟು ಒಳಕ್ಕೆ ತಿರುಗಿಸಿ. ಬಲೆಯಾದರೆ ಬಾಲದ ಚೂರಿ ನೂಲಿಗೆ ಸಿಕ್ಕಿ ಮೀನಿನ ಮೈಯೇ ಹರಿಯುತ್ತದೆ. ದಪ್ಪ ರಬ್ಬರ್ ಕೈಗವಸು ಇರಲಿ. ನೀರು ಮರಳಿ ತುಂಬುವಾಗ ಮರಳಿನ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ಸುರಿಯಿರಿ. ಪಂಪ್ ಪೂರ್ತಿ ಮುಳುಗಿದ ಮೇಲೆ ಚಾಲೂ ಮಾಡಿ, ಹೀಟರ್ ಎಲ್ಲಕ್ಕಿಂತ ಕೊನೆಗೆ. ಡ್ರಮ್ಮಿನ ತಳದ ಕೊಳೆನೀರು ಚೆಲ್ಲಿ, ಅದರ ಬದಲು ಹೊಸ ಉಪ್ಪುನೀರು ಹಾಕಿ. ಎರಡು ದಿನ ಅಮೋನಿಯಾ ಪರೀಕ್ಷೆ ಮಾಡುತ್ತಿರಿ, ಮೇವು ಅರ್ಧಕ್ಕಿಳಿಸಿ.

ಪ್ರಶ್ನೆ: ಗಾಳ ಹಾಕಬಹುದೇ? ಲವಂಗದೆಣ್ಣೆ ಹಾಕಿ ಮೀನಿಗೆ ಮತ್ತು ಬರಿಸಬಹುದೇ? — ಓದುಗರು, ಶಿವಮೊಗ್ಗ

ಉತ್ತರ: ಗಾಳ ಕೊನೆಯ ದಾರಿ, ಹಾಕ್‌ಫಿಶ್, ಟ್ರಿಗ್ಗರ್‌ನಂಥ ಆತುರದಿಂದ ಮೇವಿಗೆ ಹಾರುವ ಮೀನಿಗೆ ಮಾತ್ರ. ಸಿಗುವುದರಲ್ಲಿ ತೀರಾ ಸಣ್ಣ ಗಾಳ ತಂದು, ಅದರ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಬೆರಳುಗುರಿನ ಮೇಲೆ ಎಳೆದಾಗ ಎಲ್ಲೂ ತಡೆಯಬಾರದು. ಗಾಳದ ಮೊನೆ ಮುಚ್ಚುವಷ್ಟೇ ಸಿಗಡಿ, ದಾರ ಸದಾ ಬಿಗಿ, ಬೇರೆ ಮೀನು ಹತ್ತಿರ ಬಂದರೆ ಎತ್ತಿಬಿಡಿ. ನುಂಗಲು ಸಮಯ ಕೊಟ್ಟರೆ ಗಾಳ ತುಟಿ ಬಿಟ್ಟು ಗಂಟಲಿಗೆ ಹೋಗುತ್ತದೆ. ಸಿಕ್ಕ ಮೀನನ್ನು ನೀರಿನೊಳಗೇ ಡಬ್ಬಕ್ಕೆ ಇಳಿಸಿ ಗಾಳ ಬಿಡಿಸಿ.

ಲವಂಗದೆಣ್ಣೆ, ಸೋಡಾ, ಉಪ್ಪು ಹೆಚ್ಚಿಸಿದ ನೀರು — ಹವಳವಿರುವ ತೊಟ್ಟಿಗೆ ಯಾವುದೂ ಬೇಡ. ಒಂದು ಮೀನಿಗೆ ಹಾಕಿದ್ದು ಎಲ್ಲಕ್ಕೂ ತಾಗುತ್ತದೆ.

ಪ್ರಶ್ನೆ: ಹಿಡಿದ ಡ್ಯಾಮ್ಸೆಲ್ ಅನ್ನು ಮಲ್ಪೆ ಕಡಲಿಗೆ ಬಿಟ್ಟರೆ ಆಗದೇ? ಅದೂ ನಮ್ಮ ಸಮುದ್ರದ್ದೇ ಅಲ್ಲವೇ? — ಓದುಗರು, ಉಡುಪಿ

ಉತ್ತರ: ದಯವಿಟ್ಟು ಬಿಡಬೇಡಿ. ಡೊಮಿನೊ ಲಕ್ಷದ್ವೀಪದ ಹವಳದಿಬ್ಬಗಳಲ್ಲಿ ಇದೆ, ನಿಜ. ಆದರೆ ನಿಮ್ಮ ತೊಟ್ಟಿಯ ಮೀನು ಯಾವ ದೇಶದ ಕಡಲಿನಿಂದ ಬಂದದ್ದೋ, ಅಂಗಡಿಯ ತೊಟ್ಟಿಗಳಲ್ಲಿ ಯಾವ್ಯಾವ ಪರೋಪಜೀವಿ ಹತ್ತಿಸಿಕೊಂಡಿದೆಯೋ, ಅವೂ ಅದರ ಜೊತೆ ಕಡಲಿಗೆ ಇಳಿಯುತ್ತವೆ. ಹಿಂದೂ–ಶಾಂತಸಾಗರದ ಲಯನ್‌ಫಿಶ್ 1985ರಲ್ಲಿ ಅಮೆರಿಕದ ಫ್ಲೋರಿಡಾ ಕರಾವಳಿಯಲ್ಲಿ ಕಾಣಿಸಿಕೊಂಡಿತು. ಅಕ್ವೇರಿಯಂಗಳಿಂದ ಬಿಟ್ಟ ಮೀನುಗಳೇ ಅದಕ್ಕೆ ಮೂಲವೆಂದು ತಜ್ಞರು ಹೇಳುತ್ತಾರೆ. ಇಂದು ಕೆರಿಬಿಯನ್ ಉದ್ದಕ್ಕೂ ಅದು ಸ್ಥಳೀಯ ಮರಿಮೀನುಗಳನ್ನು ತಿನ್ನುತ್ತಿದೆ.

ಉಪ್ಪುನೀರಿನ ಮೀನು ಸಾಕುವ ಇನ್ನೊಬ್ಬರಿಗೆ, ಜಗಳದ ಮೀನುಗಳಷ್ಟೇ ಇರುವ ತೊಟ್ಟಿಗೆ ಅಥವಾ ತೆಗೆದುಕೊಳ್ಳುವ ಅಂಗಡಿಗೆ ಕೊಡಿ. ಗಿರಾಕಿ ಸಿಗುವ ತನಕ ನಿಮ್ಮ ಅಕ್ವೇರಿಯಂನ ಸಂಪ್‌ನಲ್ಲಿ (ನೀರು ಸೋಸುವ ಪಕ್ಕದ ತೊಟ್ಟಿ) ಇಟ್ಟುಕೊಳ್ಳಬಹುದು, ಪಂಪಿನ ಬಾಯಿಗೆ ಜಾಲರಿ ಹಾಕಿ. ಬಸ್ಸಿನಲ್ಲೋ ರೈಲಿನಲ್ಲೋ ಕಳಿಸುವುದಾದರೆ 24 ಗಂಟೆ ಮುಂಚೆ ಮೇವು ನಿಲ್ಲಿಸಿ. ದಪ್ಪ ಪ್ಲಾಸ್ಟಿಕ್ ಚೀಲ ಒಂದರೊಳಗೊಂದು, ತಳದ ಮೂಲೆಗಳಿಗೆ ರಬ್ಬರ್ ಬ್ಯಾಂಡ್, ಮೂಲೆಯಲ್ಲಿ ಮೀನು ಸಿಕ್ಕಿಕೊಳ್ಳಬಾರದು. ಮೂರನೇ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಕತ್ತಲೆಯಲ್ಲಿ ಕಳಿಸಿ. ತೆಗೆದುಕೊಳ್ಳುವವರಿಗೆ ಇಷ್ಟು ಹೇಳಿ: ಹತ್ತು ಹನ್ನೆರಡು ಗಂಟೆ ಪಯಣ ಮಾಡಿದ ಚೀಲವನ್ನು ತೆರೆದಿಟ್ಟು ಹನಿಹನಿಯಾಗಿ ನೀರು ಬೆರೆಸುತ್ತಾ ಕೂರಬಾರದು. ಚೀಲ ಬಿಚ್ಚಿದೊಡನೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ, ಅಲ್ಲಿಯವರೆಗೆ ಹೆಚ್ಚು ಹಾನಿ ಮಾಡದಿದ್ದ ಅಮೋನಿಯಾ ವಿಷವಾಗುತ್ತದೆ. ಕಟ್ಟಿದ ಚೀಲವನ್ನೇ 15–20 ನಿಮಿಷ ತೇಲಿಸಿ ಬಿಸಿ ಸರಿಹೊಂದಿಸಿ. ಮೀನು ಇಳಿಸುವ ತೊಟ್ಟಿಯ ಉಪ್ಪಂಶ ಎಷ್ಟಿರಬೇಕೆಂದು ನೀವು ಮೊದಲೇ ತಿಳಿಸಿದ್ದರೆ, ಬಿಚ್ಚಿದ ಕೂಡಲೇ ಮೀನನ್ನು ಮಾತ್ರ ಎತ್ತಿ ಬಿಡಬಹುದು. ಚೀಲದ ನೀರು ಚರಂಡಿಗೆ.